ಮನವಿ ಪತ್ರಕ್ಕೂ ಮುನ್ನ: ದಕ್ಷಿಣ ಬೆಂಗಳೂರಿನ ನಾಗರಿಕ ಒಕ್ಕೂಟಗಳ ಒಳಸಿದ್ಧತೆ



ವಿಧಾನಸೌಧ, ವಿಕಾಸಸೌಧ, ಬಹುಮಹಡಿ ಕಟ್ಟಡಗಳ ಮೊಗಸಾಲೆಗಳಲ್ಲಿ ನಿಯೋಗಗಳು ಕಾಯದ ದಿನವಿಲ್ಲ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು, ಕೆರೆ ಸಮಿತಿಯವರು, ಕಾರ್ಮಿಕ ಸಂಘಟನೆಯವರು, ವಿಕಲಚೇತನರ ವೇದಿಕೆಯವರು ಮನವಿ ಪತ್ರ ಹಿಡಿದು ಕೂತಿರುತ್ತಾರೆ. ಒಳಗೆ ಕರೆ ಬಂದರೆ ಸಿಗುವುದು ಕೆಲವೇ ನಿಮಿಷ. ಪತ್ರದ ಮೂಲೆಯಲ್ಲಿ ‘ಪರಿಶೀಲಿಸಿ, ಮಂಡಿಸಿ’ ಎಂದು ಬರೆದು ಸಚಿವರು ಅದನ್ನು ಆಪ್ತ ಕಾರ್ಯದರ್ಶಿಯ ಕೈಗೆ ಕೊಡುತ್ತಾರೆ; ಅದು ಟಪಾಲು ಸೇರುತ್ತದೆ. ಬಹುಪಾಲು ಭೇಟಿಗಳು ಅಲ್ಲಿಗೇ ನಿಲ್ಲುತ್ತವೆ. ಕೆಲವು ಮಾತ್ರ ಕಡತವಾಗಿ, ಆದೇಶವಾಗಿ, ನಿಯಮವಾಗಿ ಬೆಳೆದು ಬೀದಿಗೆ ಮರಳುತ್ತವೆ. ಈ ಎರಡರ ನಡುವಿನ ಅಂತರವನ್ನು ಆ ಕೆಲವು ನಿಮಿಷಗಳ ವಾಕ್ಚಾತುರ್ಯದಲ್ಲಿ ಹುಡುಕಿದರೆ ಸಿಗುವುದಿಲ್ಲ. ಭೇಟಿಗೆ ವಾರಗಳ, ತಿಂಗಳುಗಳ ಮೊದಲು ಒಕ್ಕೂಟದೊಳಗೆ ನಡೆದ ಮಾತುಕತೆಯಲ್ಲಿ, ಅಥವಾ ನಡೆಯದೇ ಉಳಿದ ಮಾತುಕತೆಯಲ್ಲಿ, ಅದರ ಬೇರಿದೆ. ಇಂದಿನ ಉಪನ್ಯಾಸ ಆ ಒಳಮಾತುಕತೆಯನ್ನು ಕುರಿತದ್ದು.

ವಾದಕ್ಕೆ ನೆಲೆಯಾಗಿ ದಕ್ಷಿಣ ಬೆಂಗಳೂರನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. 1945ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಯೋಜಿಸಿದ ಜಯನಗರದ ಆರಂಭದ ಗುರುತಾಗಿ ಅಶೋಕ ಸ್ತಂಭ 1948ರಿಂದ ನಿಂತಿದೆ. ಅಗಲವಾದ ಕಾಲುದಾರಿ, ಸಾಲುಮರ, ಬಡಾವಣೆಗೊಂದು ಉದ್ಯಾನ, ವ್ಯಾಪಾರ ಸಂಕೀರ್ಣ ಎಲ್ಲವೂ ನಕ್ಷೆಯಲ್ಲೇ ಇದ್ದ ಊರು ಅದು. ಬಿಟಿಎಂ ಬಡಾವಣೆ ಹುಟ್ಟಿದ್ದು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ನೆಲದಲ್ಲಿ. ಬನಶಂಕರಿ ಹಂತ ಹಂತವಾಗಿ ಬೆಳೆಯುತ್ತ ತುರಹಳ್ಳಿಯ ಕಾಡಿನ ಅಂಚು ಮುಟ್ಟಿತು. ಜೆ.ಪಿ. ನಗರದ ಹಂತಗಳು ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳನ್ನು ಸುತ್ತುವರಿದವು. ನಿವೃತ್ತ ಎಂಜಿನಿಯರು, ಬ್ಯಾಂಕ್ ನೌಕರ, ಮನೆಗೆಲಸಕ್ಕೆ ಬರುವ ಹೆಣ್ಣುಮಗಳು, ಹೂವು ಮಾರುವವರು, ಚಿಂದಿ ಆಯುವವರು, ಪಿ.ಜಿ.ಯಲ್ಲಿ ತಂಗುವ ಐಟಿ ಯುವಕರು ಎಲ್ಲರೂ ಒಂದೇ ರಸ್ತೆಯ ಮೇಲೆ ಹಕ್ಕು ಹೇಳುವ ಜಾಗವಿದು. ಇಂಥಲ್ಲಿ ಒಂದೇ ದನಿಯ ಒಕ್ಕೂಟ ತಾನಾಗಿ ಹುಟ್ಟುವುದಿಲ್ಲ, ಅದನ್ನು ಕಟ್ಟಬೇಕಾಗುತ್ತದೆ.

ಹಾಗೆ ಕಟ್ಟಿದ ಒಂದು ಉದಾಹರಣೆಯನ್ನು ವಿವರವಾಗಿ ನೋಡಬೇಕು. ಅದು ಕಸದ್ದು.

2012ರ ಮಳೆಗಾಲದಲ್ಲಿ ಮಾವಳ್ಳಿಪುರದ ಕಸದ ಗುಡ್ಡಕ್ಕೆ ಬಾಗಿಲು ಬಿತ್ತು. ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಯಾಯಿತು. ಲಾರಿಗಳು ಮಂಡೂರಿನತ್ತ ತಿರುಗಿದವು. ಆ ಊರಿನ ಜನ ಎದ್ದು ನಿಂತ ಮೇಲೆ 2014ರ ಡಿಸೆಂಬರಿಂದ ಅಲ್ಲಿಯೂ ಸುರಿಯುವುದು ನಿಂತಿತು. ನಗರದ ಒಳಗಿನವರಿಗೆ ತಮ್ಮ ಕಸ ಯಾರ ಮನೆಯಂಗಳಕ್ಕೆ ಹೋಗುತ್ತದೆ ಎಂಬುದು ಕಣ್ಣಿಗೆ ರಾಚಿದ ಕಾಲವದು. ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಚಾರಣೆ ನಡೆಯಿತು. 2012ರ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯ ಎಂದು ಪಾಲಿಕೆ ಸಾರಿತು. ಆದರೆ ಬೇರ್ಪಡಿಸುವುದೆಂದರೆ ಏನು, ಎಷ್ಟು ಬಗೆಯಾಗಿ, ಬೇರ್ಪಡಿಸಿದ್ದನ್ನು ಯಾರ ಕೈಗೆ ಕೊಡಬೇಕು ಎಂಬುದಕ್ಕೆ ಆಡಳಿತದ ಬಳಿ ಸಿದ್ಧ ಉತ್ತರವಿರಲಿಲ್ಲ.

ಉತ್ತರ ಇದ್ದದ್ದು ಬೇರೆ ಕಡೆ. ನಗರದ ವಿವಿಧ ಬಡಾವಣೆಗಳಲ್ಲಿ ಕಸದ ವಿಷಯಕ್ಕೆ ದುಡಿಯುತ್ತಿದ್ದವರು 2009ರಲ್ಲೇ ಘನತ್ಯಾಜ್ಯ ನಿರ್ವಹಣೆಯ ದುಂಡುಮೇಜಿನ ಬಳಗ ಕಟ್ಟಿಕೊಂಡಿದ್ದರು. ಎಸ್‌ಡಬ್ಲ್ಯುಎಂಆರ್‌ಟಿ ಎಂಬ ಹೆಸರಿನಿಂದ ಅದು ಪರಿಚಿತ. ಇನ್ನೊಂದೆಡೆ ಚಿಂದಿ ಆಯುವವರ ಹಕ್ಕಿಗಾಗಿ ಹಸಿರು ದಳ ಸಂಘಟನೆ ಬೆಳೆಯುತ್ತಿತ್ತು. ಮೇಲ್ನೋಟಕ್ಕೆ ಇವೆರಡರ ಹಿತ ಎದುರುಬದುರು. ಬಡಾವಣೆಯ ನಿವಾಸಿಗೆ ಚಿಂದಿ ಆಯುವವನೆಂದರೆ ಕಟ್ಟಿಟ್ಟ ಚೀಲ ಬಿಚ್ಚಿ ಬೀದಿಗೆ ಚೆಲ್ಲುವವ. ಚಿಂದಿ ಆಯುವವನಿಗೆ ಬೇರ್ಪಡಿಸುವ ನಿಯಮವೆಂದರೆ, ತನ್ನ ಅನ್ನವಾದ ಪ್ಲಾಸ್ಟಿಕ್ಕು, ರಟ್ಟು, ಬಾಟಲಿ ಗುತ್ತಿಗೆದಾರನ ಲಾರಿಗೆ ನೇರ ಹೋಗುವ ದಾರಿ. ಇವರಿಬ್ಬರೂ ಬೇರೆ ಬೇರೆಯಾಗಿ ಆಯುಕ್ತರ ಬಳಿ ಹೋಗಿದ್ದರೆ ಎರಡು ಮನವಿಗಳು ಒಂದನ್ನೊಂದು ಕಡಿದು ಹಾಕುತ್ತಿದ್ದವು. ಎರಡು ಗುಂಪು ಜಗಳವಾಡುತ್ತಿವೆ ಎಂದಾದರೆ ಯಾವ ಅಧಿಕಾರಿಯೂ ಕಡತವನ್ನು ಮುಂದೆ ತಳ್ಳುವುದಿಲ್ಲ.

ಈ ಗಂಟನ್ನು ಬಿಡಿಸಿದ್ದು ಒಣ ಕಸ ಸಂಗ್ರಹ ಕೇಂದ್ರದ ಕಲ್ಪನೆ. ವಾರ್ಡಿಗೊಂದು ಕೇಂದ್ರ, ಅಲ್ಲಿಗೆ ಮನೆಗಳ ಒಣ ಕಸ ಬರಬೇಕು, ಅದನ್ನು ನಡೆಸುವ ಹೊಣೆ ಚಿಂದಿ ಆಯುವವರಿಗೆ, ಹಳೆಯ ಸಾಮಾನಿನ ವ್ಯಾಪಾರಿಗಳಿಗೆ ದೊರೆಯಬೇಕು. ನಿವಾಸಿಗೆ ಬೀದಿ ಸ್ವಚ್ಛ, ಆಯುವವರಿಗೆ ಅನ್ನ ಭದ್ರ, ಪಾಲಿಕೆಗೆ ಲಾರಿಯ ಹೊರೆ ಕಡಿಮೆ. ಇದಕ್ಕೆ ಪೂರಕವಾಗಿ 2011ರಲ್ಲಿ ಲೋಕ ಅದಾಲತ್ತಿನ ನಿರ್ದೇಶನದ ಮೇರೆಗೆ ಚಿಂದಿ ಆಯುವವರನ್ನು ನೋಂದಾಯಿಸಿ ಪಾಲಿಕೆಯ ಗುರುತಿನ ಚೀಟಿ ಕೊಡುವ ಕೆಲಸ ಶುರುವಾಯಿತು. ಪೊಲೀಸರ ಕಣ್ಣಿಗೆ ಕಳ್ಳರಂತೆ ಕಾಣುತ್ತಿದ್ದ ಸಾವಿರಾರು ಜನರ ಕೈಗೆ ಪಾಲಿಕೆಯ ಮುದ್ರೆಯ ಚೀಟಿ ಬಂತು. ಒಕ್ಕೂಟದ ಬಡ ಸದಸ್ಯರಿಗೆ ಮೊದಲು ದಕ್ಕಿದ ಫಲ ಇದು, ಮತ್ತು ಅದು ಮೊದಲೇ ದಕ್ಕಿದ್ದು ಸರಿಯಾಗಿಯೇ ಇತ್ತು. ಬಲಾಢ್ಯ ಸದಸ್ಯರ ಬೇಡಿಕೆ ಈಡೇರುವ ತನಕ ಬಡ ಸದಸ್ಯರು ಕಾಯಬೇಕು ಎನ್ನುವ ಒಕ್ಕೂಟ ಬಹಳ ಕಾಲ ಬಾಳುವುದಿಲ್ಲ.

ಆಮೇಲೆ ಬಂದದ್ದು ಬೇಡಿಕೆಯನ್ನು ಕಿರಿದಾಗಿಸುವ ಕೆಲಸ. ‘ಎರಡು ಡಬ್ಬ, ಒಂದು ಚೀಲ’: ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪು ಡಬ್ಬಕ್ಕೆ ನೈರ್ಮಲ್ಯದ ಕಸ, ಚೀಲಕ್ಕೆ ಒಣ ಕಸ. ಹತ್ತಾರು ಪುಟಗಳ ತಾಂತ್ರಿಕ ಚರ್ಚೆಯೆಲ್ಲ ಮನೆಯ ಅಡುಗೆಮನೆಯಲ್ಲಿ ಕಾಣಬಲ್ಲ ಮೂರು ವಸ್ತುಗಳಿಗೆ ಬಂದು ನಿಂತಿತು. 2015ರ ಡಿಸೆಂಬರ್ 17ರ ಹೈಕೋರ್ಟ್ ಆದೇಶ ಮೂಲದಲ್ಲೇ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿದಾಗ ಈ ಪದ್ಧತಿಯೇ ನಗರದ ಪದ್ಧತಿಯಾಯಿತು. ಮರುವರ್ಷದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಚಿಂದಿ ಆಯುವವರನ್ನು ಹೆಸರಿಸಿ, ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಹೇಳಿದವು. ಇದೇ ಬಳಗ ಬಳಸಿದ ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಡಿ ಎಂಬ ಅಭಿಯಾನವನ್ನೂ ನಡೆಸಿತು. ಒಂದು ಚುಕ್ಕೆಯಲ್ಲಿ ಪೌರಕಾರ್ಮಿಕರ ಘನತೆಯ ಪ್ರಶ್ನೆಯನ್ನು ಅಡಕಗೊಳಿಸಿದ ಬೇಡಿಕೆ ಅದು. ಆದೇಶದ ಒಂದು ಸಾಲಾಗಿ ಬರೆಯಲು ಬಾರದ ಬೇಡಿಕೆಗೆ ಸಹಿ ಹಾಕುವುದು ಯಾರಿಗೂ ಸಾಧ್ಯವಿಲ್ಲ. ಭೇಟಿಗೆ ಹೊರಡುವ ಒಕ್ಕೂಟ ಆ ಸಾಲನ್ನು ತಾನೇ ಬರೆದುಕೊಂಡು ಹೋಗಬೇಕು.

ಈ ಕಥೆಯ ಕಹಿ ಭಾಗವನ್ನೂ ಹೇಳದೆ ಬಿಡಲಾಗದು. ಕಸ ಬೇರ್ಪಡಿಸಬೇಕು ಎಂದು ಎಲ್ಲರೂ ಒಪ್ಪಿದ ಮೇಲೆ, ಬೇರ್ಪಟ್ಟ ಹಸಿ ಕಸವನ್ನು ಸಂಸ್ಕರಿಸುವ ಘಟಕ ಎಲ್ಲಿರಬೇಕು ಎಂಬ ಪ್ರಶ್ನೆ ಎದುರಾಯಿತು. ಬನಶಂಕರಿ 6ನೇ ಹಂತದ ಲಿಂಗಧೀರನಹಳ್ಳಿಯಲ್ಲಿ ಘಟಕ ತಲೆಯೆತ್ತಿದಾಗ ಸುತ್ತಲಿನ ನಿವಾಸಿಗಳು ದುರ್ವಾಸನೆಯ ವಿರುದ್ಧ ಹೋರಾಟಕ್ಕಿಳಿದರು. ಅವರ ಸಂಕಟ ನಿಜ. ಮನೆ ಕಟ್ಟಿದವರು ಕಿಟಕಿ ತೆರೆಯಲಾಗದೆ ಬದುಕಬೇಕಾಗಿತ್ತು. ಆದರೆ ಮಂಡೂರಿನವರ ಸಂಕಟವೂ ಅದೇ ಆಗಿತ್ತು. ಘಟಕ ಎಲ್ಲಿ, ಎಷ್ಟು ದೊಡ್ಡದು, ದುರ್ವಾಸನೆ ತಡೆಯುವ ಹೊಣೆ ಯಾರದು ಎಂಬುದನ್ನು ನಗರದ ನಾಗರಿಕ ಗುಂಪುಗಳು ತಮ್ಮೊಳಗೆ ಮೊದಲೇ ಕೂತು ಚರ್ಚಿಸಿರಲಿಲ್ಲ. ಸುಲಭವಾಗಿ ಒಪ್ಪಿಗೆಯಾಗುವ ಅರ್ಧವನ್ನು ಹಿಡಿದು, ಕಷ್ಟದ ಅರ್ಧವನ್ನು ಸರ್ಕಾರಕ್ಕೆ ಬಿಟ್ಟದ್ದರ ಫಲ ಅದು.

ಕಷ್ಟದ ಅರ್ಧವನ್ನು ಮುಂದೂಡುವ ಈ ಗುಣ ಒಕ್ಕೂಟಗಳ ಹುಟ್ಟುದೋಷ ಎನ್ನಬಹುದು. ‘ಬೇಡ’ ಎನ್ನಲು ಜನ ಬೇಗ ಸೇರುತ್ತಾರೆ, ಏಕೆಂದರೆ ಅಲ್ಲಿ ಒಳಜಗಳಕ್ಕೆ ಎಡೆಯಿಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆಯ ಯೋಜನೆಯನ್ನು ನೆನೆಯಿರಿ. ವೆಚ್ಚ ಸುಮಾರು 1,791 ಕೋಟಿ ರೂಪಾಯಿ, ಬಲಿಯಾಗಬೇಕಿದ್ದ ಮರಗಳು 812. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. ದಕ್ಷಿಣದ ಬಡಾವಣೆಗಳಿಂದಲೂ ಜನ ಹೋಗಿ ಕೈ ಹಿಡಿದರು, ಆ ಸೇತುವೆ ತಮ್ಮ ದಾರಿಯಲ್ಲಿ ಇಲ್ಲದಿದ್ದರೂ. ಹಸಿರು ನ್ಯಾಯಮಂಡಳಿಯ ತಡೆ, ರಾಜಕೀಯ ಆರೋಪಗಳ ಬಿಸಿ ಎಲ್ಲ ಸೇರಿ 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ಐದು ತಿಂಗಳೂ ಹಿಡಿಯಲಿಲ್ಲ.

ಆ ಸರಪಳಿ ಕಟ್ಟಿದ ಬಳಗಗಳೇ 2016ರ ಡಿಸೆಂಬರಿನಲ್ಲಿ ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗಾಗಿ ದನಿಯೆತ್ತಿದವು. ಇಲ್ಲಿ ಸಹಿ ಹಾಕಬೇಕಾದವರು ಒಬ್ಬರಲ್ಲ: ರೈಲ್ವೆ ಮಂಡಳಿ, ರಾಜ್ಯ ಸರ್ಕಾರ, ಜಂಟಿ ಕಂಪನಿ ಕೆ-ರೈಡ್, ಕೇಂದ್ರ ಸಂಪುಟ. ಸುಮಾರು 148 ಕಿಲೋಮೀಟರ್ ಉದ್ದದ, 15,767 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರಿನಲ್ಲಿ. ಶಂಕುಸ್ಥಾಪನೆಯಾದದ್ದು 2022ರ ಜೂನಿನಲ್ಲಿ. ‘ಬೇಕು’ ಎನ್ನುವ ಒಕ್ಕೂಟಕ್ಕೆ ಬೇರೆಯೇ ಬಗೆಯ ದಮ್ಮು ಬೇಕು. ಯಾವ ಮಾರ್ಗ ಮೊದಲು, ಟಿಕೆಟ್ ದರ ಎಷ್ಟು, ಬಸ್ಸಿಗೆ ಹೇಗೆ ಜೋಡಣೆ ಎಂಬ ಪ್ರತಿ ಪ್ರಶ್ನೆಯೂ ಸದಸ್ಯರನ್ನು ಸೀಳಬಲ್ಲದು. ಭೇಟಿಯ ಮೇಜಿನ ಮುಂದೆ ಸೀಳುವುದಕ್ಕಿಂತ ತಮ್ಮದೇ ಕೋಣೆಯಲ್ಲಿ ಜಗಳವಾಡಿ ಮುಗಿಸುವುದು ಮೇಲು.

ಮಾನ್ಯರೇ, ಒಳಗಿನ ಮಾತು ಒಂದು ಹದಕ್ಕೆ ಬಂದ ಮೇಲೆ ಮುಂದಿನ ಪ್ರಶ್ನೆ: ಯಾರ ಬಳಿ ಹೋಗಬೇಕು? ಬೆಂಗಳೂರಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ನೀರು ಮತ್ತು ಒಳಚರಂಡಿ 1964ರಿಂದ ಜಲಮಂಡಳಿಯದು. ಬಡಾವಣೆ 1976ರಿಂದ ಬಿಡಿಎಯದು. ಬಸ್ಸು ಬಿಎಂಟಿಸಿಯದು, ಮೆಟ್ರೊ ಬಿಎಂಆರ್‌ಸಿಎಲ್‌ನದು, ವಿದ್ಯುತ್ತು ಬೆಸ್ಕಾಂನದು, ಕಸ 2021ರಲ್ಲಿ ಹುಟ್ಟಿದ ಪ್ರತ್ಯೇಕ ಕಂಪನಿಯದು. ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ನಂತರದ ವರ್ಷಗಳಲ್ಲಿ ನಾಗರಿಕರ ಅಹವಾಲು ಕೇಳಲು ಕಾರ್ಪೊರೇಟರ್ ಇರಲಿಲ್ಲ. ಇದ್ದದ್ದು ಆಡಳಿತಾಧಿಕಾರಿ, ಆಯುಕ್ತರು ಮತ್ತು ಶಾಸಕರು. 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಕೂತಿತು. ನಿನ್ನೆಯವರೆಗೆ ದಕ್ಷಿಣ ವಲಯದ ಜಂಟಿ ಆಯುಕ್ತರ ಮೇಜಿನಲ್ಲಿದ್ದ ಕಡತ ಇಂದು ಯಾರ ಮೇಜಿನಲ್ಲಿದೆ ಎಂದು ಮೊದಲು ಪತ್ತೆ ಹಚ್ಚಬೇಕು.

ಕುರ್ಚಿ ಗೊತ್ತಾದರಷ್ಟೇ ಸಾಲದು. ಆ ಕುರ್ಚಿಯ ಸಹಿಗೆ ಎಷ್ಟು ಬಲವಿದೆ ಎಂಬುದೂ ಗೊತ್ತಿರಬೇಕು. ಸಹಾಯಕ ಕಾರ್ಯಪಾಲಕ ಎಂಜಿನಿಯರು ಗುಂಡಿ ಮುಚ್ಚಿಸಬಲ್ಲರು, ರಸ್ತೆಯ ವಿನ್ಯಾಸ ಬದಲಿಸಲಾರರು. ಆಯುಕ್ತರು ಸುತ್ತೋಲೆ ಹೊರಡಿಸಬಲ್ಲರು, ಕಾಯ್ದೆ ತಿದ್ದಲಾರರು. ಹಣದ ಹೊರೆ ಬೀಳುವ ಹೊಸ ಪ್ರಸ್ತಾವಕ್ಕೆ ಇಲಾಖೆಯ ಕಾರ್ಯದರ್ಶಿ ಒಪ್ಪಿದರೂ ಆರ್ಥಿಕ ಇಲಾಖೆಯ ಸಹಮತಿಯಿಲ್ಲದೆ ಮುಂದೆ ಸಾಗದು. ಶಾಸಕರು ಆದೇಶ ಕೊಡಲಾರರು, ಆದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳಿ ಇಲಾಖೆಯಿಂದ ಲಿಖಿತ ಉತ್ತರ ಹೊರಡಿಸಬಲ್ಲರು, ಅರ್ಜಿಗಳ ಸಮಿತಿಯ ಮುಂದೆ ವಿಷಯ ತರಬಲ್ಲರು. ಬೆಂಗಳೂರಿನ ಸರ್ಕಾರಿ ಭೂಮಿ ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಸದನ ಸಮಿತಿ, ಕೆರೆಗಳ ಒತ್ತುವರಿಯ ಬಗ್ಗೆ ಕೆ.ಬಿ. ಕೋಳಿವಾಡರ ಸಮಿತಿ ಕಲೆಹಾಕಿದ ಮಾಹಿತಿ ಇಂದಿಗೂ ಹೋರಾಟಗಾರರ ಕೈಯಲ್ಲಿ ಆಧಾರವಾಗಿ ಉಳಿದಿದೆ. ಕೇಳಬಾರದ ಕಡೆ ಕೇಳಿದ ಬೇಡಿಕೆಗೆ ಸಿಗುವುದು ‘ಸಂಬಂಧಪಟ್ಟವರಿಗೆ ಕಳುಹಿಸಿದೆ’ ಎಂಬ ಹಿಂಬರಹವೊಂದೇ.

ಈ ವಿವೇಕಕ್ಕೆ ಬೆಂಗಳೂರಿನ ಹೊರಗಿನ, ನಾಲ್ಕು ದಶಕದಷ್ಟು ಹಳೆಯ ಉದಾಹರಣೆಯೊಂದಿದೆ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಹುಟ್ಟಿತು: ಸರ್ಕಾರದ ಪಾಲು ಶೇ. 51, ಹರಿಹರ ಪಾಲಿಫೈಬರ್ಸ್‌ನ ಪಾಲು ಶೇ. 49. ನೀಲಗಿರಿ ಬೆಳೆಯಲು ಅದಕ್ಕೆ ಸುಮಾರು 30,000 ಹೆಕ್ಟೇರ್ ನೆಲ ಗೊತ್ತಾಯಿತು. ಹಳ್ಳಿಗರಿಗೆ ಅದು ಸೌದೆ, ಮೇವು, ಸೊಪ್ಪು ಕೊಡುತ್ತಿದ್ದ ನೆಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಗೆಳೆಯ ಸಂಘಟನೆಗಳು ಕಟ್ಟಿದ ಹೋರಾಟ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವಾಯಿತು. ನೀಲಗಿರಿ ಸಸಿ ಕಿತ್ತು ಉಪಯುಕ್ತ ಸಸಿ ನೆಟ್ಟರು. ಬೀದಿಯಲ್ಲಿ ಇದು ನಡೆಯುವಾಗ ಸುಪ್ರೀಂ ಕೋರ್ಟಿನಲ್ಲಿ ಶಿವರಾಮ ಕಾರಂತರು ಅರ್ಜಿದಾರರಾಗಿದ್ದರು, ಬೆಂಗಳೂರಿನಲ್ಲಿ ಶಾಸಕರ ಮನವೊಲಿಕೆ ಸಾಗಿತ್ತು. ಬೇಡಿಕೆ ಮಾತ್ರ ಎಲ್ಲ ಕಡೆಯೂ ಒಂದೇ: ಶೇ. 51ರ ಒಡೆತನವಿರುವ ಸರ್ಕಾರ ಈ ಕಂಪನಿಯಿಂದ ಹಿಂದೆ ಸರಿಯಬೇಕು. ಅರಣ್ಯ ನೀತಿಯಷ್ಟು ದೊಡ್ಡ ವಿಷಯವನ್ನು ಒಂದು ಸಹಿಯ ಅಳತೆಗೆ ತಂದದ್ದು ಅದರ ಬಲ. 1991ರಲ್ಲಿ ಆ ಕಂಪನಿ ಮುಚ್ಚಿತು.

ಹೊತ್ತು ತಪ್ಪಿದರೆ ಸರಿಯಾದ ಬೇಡಿಕೆಯೂ ಸೋಲುತ್ತದೆ ಎನ್ನುವುದಕ್ಕೆ ಜಯನಗರವೇ ಸಾಕ್ಷಿ. ಲಕ್ಷ್ಮಣ ರಾವ್ ಬೊಲಿವಾರ್ಡ್, ಜನರ ಬಾಯಲ್ಲಿ ನಂದಾ ರಸ್ತೆ, ನಗರದ ಅಪರೂಪದ ಹಸಿರು ನಡುದಾರಿಯಾಗಿತ್ತು. 2009ರಲ್ಲಿ ಮೆಟ್ರೊಗಾಗಿ ಅದರ ಮರಗಳಿಗೆ, ಲಾಲ್‌ಬಾಗಿನ ಒಂದು ಅಂಚಿಗೆ ಕೊಡಲಿ ಬಿದ್ದಾಗ ಹಸಿರು ಉಸಿರು ಬಳಗ ಮತ್ತು ಸುತ್ತಲಿನ ನಿವಾಸಿಗಳು ಬೀದಿಗಿಳಿದರು. ಆ ಹೊತ್ತಿಗೆ ಮಾರ್ಗ ನಿಶ್ಚಯವಾಗಿತ್ತು, ಯೋಜನಾ ವರದಿ ಒಪ್ಪಿಗೆ ಪಡೆದಿತ್ತು, ಸಾಲದ ಮಾತು ಮುಗಿದಿತ್ತು. ಅಧಿಕಾರಿಗೆ ಮನಸ್ಸಿದ್ದರೂ ಬದಲಿಸಲು ಉಳಿದ ಜಾಗ ಕಡಿಮೆ. ಆದರೂ ಆ ಸೋಲಿನ ನಂತರದ ವರ್ಷಗಳಲ್ಲಿ ಮರಗಳ ಪರವಾದ ದನಿ ಗಟ್ಟಿಯಾಯಿತು. ಇಂದು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷಾಧಿಕಾರಿ ಜನರ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಹೊರಬಿದ್ದ ದಿನ ಪ್ರತಿ ಮರದ ಜಾತಿ, ಸುತ್ತಳತೆ, ಇರುವ ಜಾಗದ ಪಟ್ಟಿ ಒಕ್ಕೂಟದ ಬಳಿ ಸಿದ್ಧವಿದ್ದರೆ ಆಕ್ಷೇಪಣೆಗೆ ತೂಕವಿರುತ್ತದೆ. ಅಂದಿನಿಂದ ಎಣಿಸತೊಡಗಿದರೆ ಅವಧಿ ಮುಗಿದಿರುತ್ತದೆ.

ಹಣ ಕೇಳುವ ಬೇಡಿಕೆಗೂ ಇದೇ ನ್ಯಾಯ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಮಂಡನೆಯಾಗುತ್ತದೆ. ಇಲಾಖೆಗಳ ಪ್ರಸ್ತಾವಗಳು ಅದಕ್ಕೆ ತಿಂಗಳುಗಳ ಮೊದಲೇ ರೂಪುಗೊಂಡಿರುತ್ತವೆ. ಬಜೆಟ್ ಪೂರ್ವಭಾವಿ ಸಭೆಗೆ ಆಹ್ವಾನ ಬಂದಾಗ ಹೊಸ ಯೋಜನೆ ಹೇಳಲು ಹೊರಡುವವರು ತಡವಾಗಿ ಬಂದವರು. ದಸರೆಯ ಹೊತ್ತಿಗೇ ಇಲಾಖೆಯ ಉಪ ಕಾರ್ಯದರ್ಶಿಯ ಮೇಜಿಗೆ ಅಂದಾಜು ವೆಚ್ಚದ ಸಮೇತ ಒಂದು ಹಾಳೆ ತಲುಪಿರಬೇಕು.

ಆ ಹಾಳೆಯ ಭಾಷೆಯ ಬಗ್ಗೆ ನೇರವಾಗಿ ಒಂದು ಮಾತು ಹೇಳಬೇಕಿದೆ. ದಕ್ಷಿಣ ಬೆಂಗಳೂರಿನ ಅನೇಕ ನಾಗರಿಕ ಬಳಗಗಳು ಇಂಗ್ಲಿಷಿನಲ್ಲಿ ಯೋಚಿಸುತ್ತವೆ, ಇಂಗ್ಲಿಷಿನಲ್ಲಿ ವರದಿ ಬರೆಯುತ್ತವೆ, ಬಣ್ಣದ ಸ್ಲೈಡುಗಳಲ್ಲಿ ಮಂಡಿಸುತ್ತವೆ. ಹಿರಿಯ ಅಧಿಕಾರಿಗೆ ಅದು ತೊಡಕಲ್ಲ. ಆದರೆ 1963ರ ರಾಜಭಾಷಾ ಕಾಯ್ದೆಯ ಕಾಲದಿಂದ ಕನ್ನಡ ಆಡಳಿತ ಭಾಷೆ. ಕಡತದ ಮೊದಲ ಟಿಪ್ಪಣಿಯನ್ನು ಬರೆಯುವವರು ಶಾಖೆಯ ವಿಷಯ ನಿರ್ವಾಹಕರು, ಬರೆಯುವುದು ಕನ್ನಡದಲ್ಲಿ. ನಲವತ್ತು ಪುಟಗಳ ಇಂಗ್ಲಿಷ್ ವರದಿಯನ್ನು ಎರಡು ಪ್ಯಾರಾ ಕನ್ನಡ ಟಿಪ್ಪಣಿಯಾಗಿ ಇಳಿಸುವ ಹೊಣೆಯನ್ನು, ದಿನಕ್ಕೆ ಹತ್ತಾರು ಕಡತ ನೋಡುವ ಆ ನೌಕರರ ತಲೆಗೆ ಹೊರಿಸಿ ಬರುವುದು ನ್ಯಾಯವಲ್ಲ, ಜಾಣತನವೂ ಅಲ್ಲ. ಒಕ್ಕೂಟವೇ ಒಂದು ಪುಟದ ಕನ್ನಡ ಟಿಪ್ಪಣಿ ತಯಾರಿಸಲಿ: ವಿಷಯ, ಈಗಿರುವ ನಿಯಮ, ಅದರ ಕೊರತೆ, ಕೋರಿಕೆ, ತಗಲುವ ವೆಚ್ಚ, ಬೇರೆಡೆ ಇದೇ ಬಗೆಯ ಆದೇಶವಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕ. ಇದಕ್ಕಿಂತ ಮುಖ್ಯವಾದದ್ದು, ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಲು ಕೂತಾಗ ಒಕ್ಕೂಟದ ಎಲ್ಲ ಸದಸ್ಯರೂ ಅದನ್ನು ಓದಬಲ್ಲರು, ತಿದ್ದಬಲ್ಲರು. ಹೂವಿನ ಗಾಡಿಯವರಿಗೂ ಮನೆಗೆಲಸದವರಿಗೂ ಅರ್ಥವಾಗದ ಕಾಗದ ಅವರ ಹೆಸರಿನಲ್ಲಿ ಸಲ್ಲಿಕೆಯಾಗಬಾರದು.

ಇದರಿಂದ ಯಾರು ಮಾತನಾಡಬೇಕು ಎಂಬ ಪ್ರಶ್ನೆಗೆ ಬರುತ್ತೇವೆ. ಸಾಮಾನ್ಯವಾಗಿ ನಿಯೋಗದಲ್ಲಿ ಮಾತಿನ ಪಾಲು ಹೆಚ್ಚು ಸಿಗುವುದು ಚೆನ್ನಾಗಿ ಓದಿದವರಿಗೆ, ಅಧಿಕಾರಿಯ ಪರಿಚಯ ಇರುವವರಿಗೆ. ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ಅಧಿಸೂಚಿಸಿತು. ದೇಶದಲ್ಲೇ ಮುಂಚೂಣಿಯ ಹೆಜ್ಜೆ ಅದು. ಕೆಲಸವನ್ನು ಗಂಟೆಗಳಲ್ಲಿ ಅಳೆಯಬೇಕೋ, ಮನೆಯ ಗಾತ್ರದಲ್ಲೋ, ಪಾತ್ರೆ ಬಟ್ಟೆಗಳ ಲೆಕ್ಕದಲ್ಲೋ ಎಂಬ ಪ್ರಶ್ನೆಗೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಉತ್ತರ ಕೊಡಬಲ್ಲವರು ಜೆ.ಪಿ. ನಗರದ ನಾಲ್ಕು ಮನೆಗಳಲ್ಲಿ ದಿನವೂ ಆ ಕೆಲಸ ಮಾಡುವ ಹೆಂಗಸರು. ಅವರ ಬದಲಿಗೆ ಮಾತನಾಡಲು ಹೋದ ವಕೀಲರಿಗೆ ಎರಡನೆಯ ಪ್ರಶ್ನೆಗೇ ತಡೆಯಾಗುತ್ತದೆ. ಕಸದ ಹೋರಾಟದಲ್ಲಿ ಈ ತತ್ವವನ್ನು ಪಾಲಿಸಿದ್ದರಿಂದಲೇ, ಜಯನಗರದ ಒಣ ಕಸ ಕೇಂದ್ರ ನಡೆಸುತ್ತಿದ್ದ, ಚಿಂದಿ ಆಯುತ್ತಲೇ ಬೆಳೆದ ಯುವಕರೊಬ್ಬರು 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದವರೆಗೂ ಹೋಗಿ ತಮ್ಮ ವೃತ್ತಿಯ ಬಗ್ಗೆ ತಾವೇ ಮಾತನಾಡುವಂತಾಯಿತು.

ಅಂಥವರು ಮೇಜಿನ ಮುಂದೆ ಕೂರುವ ಮೊದಲು ಅಭ್ಯಾಸ ಬೇಕು. ಅಧಿಕಾರಿಯ ಪಾತ್ರವನ್ನು ಒಬ್ಬರು ವಹಿಸಿ ಕಠಿಣ ಪ್ರಶ್ನೆ ಕೇಳುವ ಅಣಕು ಸಭೆ ಒಂದೆರಡು ಬಾರಿ ನಡೆಯಬೇಕು. ‘ಬಜೆಟ್ ಇಲ್ಲ’, ‘ಕೋರ್ಟಿನಲ್ಲಿದೆ’, ‘ನಿಮ್ಮಲ್ಲೇ ಒಮ್ಮತವಿಲ್ಲವಲ್ಲ’, ‘ಪಕ್ಕದ ವಾರ್ಡಿನವರೂ ಕೇಳಿದರೆ?’ ಈ ನಾಲ್ಕಕ್ಕೆ ಉತ್ತರವಿಲ್ಲದ ನಿಯೋಗ ಹೊರಡಬಾರದು. ಅರ್ಧ ಒಪ್ಪಿದರೆ ಸ್ವೀಕರಿಸಬೇಕೇ, ಎಷ್ಟಕ್ಕಿಂತ ಕೆಳಗೆ ಒಪ್ಪಬಾರದು ಎಂಬುದನ್ನೂ ಒಳಗೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಸಭೆಯಲ್ಲೇ ಒಬ್ಬ ಸದಸ್ಯರು ಉದಾರವಾಗಿ ತಲೆಯಾಡಿಸುತ್ತಾರೆ, ಉಳಿದವರು ಹೊರಬಂದು ಮುನಿಯುತ್ತಾರೆ.

ಕೇಳುವುದರ ಜೊತೆಗೆ ತಾವೇನು ಹೊರುತ್ತೇವೆ ಎಂದು ಹೇಳುವ ಒಕ್ಕೂಟಕ್ಕೆ ಬಾಗಿಲು ಹೆಚ್ಚು ಅಗಲವಾಗಿ ತೆರೆಯುತ್ತದೆ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಬತ್ತಿ ಹೋಗುತ್ತಿದ್ದಾಗ ನೆರೆಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿದರು. ಮರುವರ್ಷ ಪಾಲಿಕೆ ಅವರೊಡನೆ ಒಡಂಬಡಿಕೆ ಮಾಡಿಕೊಂಡು ಕೆರೆಯ ನಿರ್ವಹಣೆಯನ್ನು ಒಪ್ಪಿಸಿತು. ನಾಗರಿಕ ಗುಂಪೊಂದಕ್ಕೆ ಹಾಗೆ ಒಪ್ಪಿಸಿದ ಮೊದಲ ಕೆರೆ ಅದು. ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿತ ನೀರು ಕೆರೆಗೆ ಹರಿದು ಬರುವಂತೆ ಮಾಡಿದ್ದು ಅವರ ಪಟ್ಟು. ಇಲ್ಲಿ ಎಚ್ಚರವೂ ಬೇಕು. ಹೊಣೆ ಹೊರಲು ಜನ ಮುಂದೆ ಬಂದರೆಂದು ಸರ್ಕಾರ ತನ್ನ ಕರ್ತವ್ಯದಿಂದ ಕಳಚಿಕೊಳ್ಳಬಾರದು. ಕಾವಲು, ಒತ್ತುವರಿ ತೆರವು, ಒಳಚರಂಡಿ ಇವು ಯಾವ ಟ್ರಸ್ಟಿನಿಂದಲೂ ಆಗುವ ಕೆಲಸವಲ್ಲ. ಹತ್ತಿರದ ಸಾರಕ್ಕಿ ಕೆರೆಯ ಸುಮಾರು 32 ಎಕರೆ ಒತ್ತುವರಿಯನ್ನು 2015ರ ಏಪ್ರಿಲಿನಲ್ಲಿ ತೆರವುಗೊಳಿಸಿದ್ದು ಜಿಲ್ಲಾಡಳಿತ. ಕೆರೆ ಉಳಿಯಿತು, ಮಾರಾಟಗಾರರ ಮಾತು ನಂಬಿ ಮನೆ ಕೊಂಡವರೂ ಬೀದಿಗೆ ಬಂದರು. ಕೆರೆಯ ಪರ ನಿಲ್ಲುವ ಒಕ್ಕೂಟ ಅಂಥವರ ಪುನರ್ವಸತಿಯ ಬಗ್ಗೆಯೂ ಒಂದು ನಿಲುವು ಹೊಂದಿರಬೇಕು. ಆ ಪ್ರಶ್ನೆ ಸಚಿವರ ಮೇಜಿನಲ್ಲಿ ಬಂದೇ ಬರುತ್ತದೆ.

ಭೇಟಿಯ ಮರುದಿನ ಸಿದ್ಧತೆಯ ಇನ್ನೊಂದು ಭಾಗ ಶುರುವಾಗುತ್ತದೆ. ಚರ್ಚೆಯಾದ ಅಂಶಗಳನ್ನು, ಒಪ್ಪಿದ ಕ್ರಮಗಳನ್ನು ಪತ್ರವಾಗಿ ಬರೆದು ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಬೇಕು. ಸಭೆಯ ನಡಾವಳಿ ಹೊರಡಿಸಿದ್ದರೆ ಅದರ ಪ್ರತಿ ಕೇಳಬೇಕು. ಕಡತ ಹುಟ್ಟಿದೆಯೇ, ಯಾವ ಶಾಖೆಯಲ್ಲಿದೆ ಎಂದು ವಿಷಯ ನಿರ್ವಾಹಕರನ್ನು ವಿನಯದಿಂದ ವಿಚಾರಿಸುವ ಒಬ್ಬ ಸದಸ್ಯರು ಬೇಕು. ಮಾಹಿತಿ ಹಕ್ಕಿನ ಅರ್ಜಿ ಮೂವತ್ತು ದಿನದ ಗಡುವಿನ ಗಟ್ಟಿ ಸಾಧನ, ಆದರೆ ಅದನ್ನು ಮೊದಲ ವಾರದಲ್ಲೇ ಹಾಕಿದರೆ ಸಹಕರಿಸಲು ಸಿದ್ಧವಿದ್ದ ಅಧಿಕಾರಿಯೂ ಬಾಗಿಲು ಮುಚ್ಚಿಕೊಳ್ಳಬಹುದು. ಅಧಿಕಾರಿಗಳು ವರ್ಗವಾಗುತ್ತಲೇ ಇರುತ್ತಾರೆ. ಹೊಸಬರು ಬಂದಾಗ ಹಿಂದಿನ ಪತ್ರ, ನಡಾವಳಿ, ಆದೇಶಗಳ ಪೂರ್ತಿ ಕಟ್ಟನ್ನು ಅವರ ಮುಂದೆ ಇಡಬಲ್ಲ ಒಕ್ಕೂಟ ಮೊದಲಿನಿಂದ ಕಥೆ ಹೇಳಬೇಕಾಗುವುದಿಲ್ಲ.

ಮಾನ್ಯರೇ, ಇಷ್ಟು ಹೊತ್ತು ಹೇಳಿದ್ದೆಲ್ಲ ಇನ್ನೂ ನಡೆಯಬೇಕಾಗಿರುವ ಒಂದು ಜಾಗವಿದೆ. ಅದು ಜಯನಗರ 4ನೇ ಬ್ಲಾಕ್. ವ್ಯಾಪಾರ ಸಂಕೀರ್ಣದ ಸುತ್ತಲಿನ ಕಾಲುದಾರಿಯಲ್ಲಿ ಬಟ್ಟೆ, ಬಳೆ, ಹೂವು, ಹಣ್ಣು ಮಾರುವವರನ್ನು ತೆರವುಗೊಳಿಸುವ ಕಾರ್ಯಾಚರಣೆಗಳು ಮತ್ತೆ ಮತ್ತೆ ನಡೆದಿವೆ. ಕೆಲ ದಿನಕ್ಕೆ ಅವರು ಮರಳಿದ್ದಾರೆ. ನಿವಾಸಿಗಳು ನಡೆಯಲು ಜಾಗ ಕೇಳುತ್ತಾರೆ, ವ್ಯಾಪಾರಿಗಳು ಬದುಕಲು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಈ ಇಬ್ಬರಿಗೂ ಒಂದೇ ಮೇಜನ್ನು ಕೊಟ್ಟಿದೆ: ಪಟ್ಟಣ ಮಾರಾಟ ಸಮಿತಿ. ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಿವಾಸಿಗಳ ಸಂಘಗಳಿಗೂ ಸ್ಥಾನವಿದೆ. ಕಾಲುದಾರಿಯಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ನಡಿಗೆಯ ಜಾಗ ಇರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ ಹೇಳುತ್ತದೆ. 4ನೇ ಬ್ಲಾಕಿನ ಅನೇಕ ಕಡೆ ಅಷ್ಟು ಬಿಟ್ಟ ಮೇಲೂ ಅಗಲ ಉಳಿಯುತ್ತದೆ, ಕೆಲವು ಕಡೆ ಉಳಿಯುವುದಿಲ್ಲ. ಎಲ್ಲಿ ಉಳಿಯುತ್ತದೆ, ಎಲ್ಲಿ ಇಲ್ಲ, ಇಲ್ಲದ ಕಡೆಯವರು ಎಲ್ಲಿಗೆ ಸರಿಯಬಹುದು ಎಂಬುದನ್ನು ವ್ಯಾಪಾರಿಗಳ ಸಂಘದವರೂ ಕ್ಷೇಮಾಭಿವೃದ್ಧಿ ಸಂಘದವರೂ ಗಾಲಿಕುರ್ಚಿ ಬಳಸುವವರೊಡನೆ ಒಟ್ಟಿಗೆ ನಡೆದು ಟೇಪಿನಲ್ಲಿ ಅಳೆದು ನಕ್ಷೆ ಮಾಡಬಹುದು. ಹೊಸ ಪಾಲಿಕೆಗೆ ಆಯ್ಕೆಯಾಗಿ ಬರುವ ಸದಸ್ಯರ ಬಳಿಗೆ ಹೋಗುವಾಗ ಆ ನಕ್ಷೆ ಕೈಯಲ್ಲಿರಲಿ, ಅದರ ಕೆಳಗೆ ಎರಡೂ ಕಡೆಯವರ ಸಹಿಯಿರಲಿ.